ಹಿಪ್ಪುನೇರಳೆಯ ತಾಜಾ ಹಣ್ಣು: ಅದರ ಆಹಾರಮೌಲ್ಯ ಮತ್ತು ನಮ್ಮ ನಾಡಿನಲ್ಲಿ ಅದಕ್ಕೊದಗಿದ ಉಪೇಕ್ಷೆ

ಭಾರತದಲ್ಲಿ ಹಿಪ್ಪುನೇರಳೆಯ ರೇಷ್ಮೆಯನ್ನು ಅತ್ಯಧಿಕವಾಗಿ ಉತ್ಪಾದಿಸುವ ರಾಜ್ಯಗಳಲ್ಲಿ ಕರ್ನಾಟಕವು ಅಗ್ರಗಣ್ಯವೆಂಬದು ಸರ್ವವಿದಿತವಾದ ಸಂಗತಿ. ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರು ದೇಶದ ಹೊರಗೂ ಪರಿಚಿತವಾಗಿದೆ. ಆದರೆ ಈ ಗಿಡವು ಎಲೆಯನ್ನಷ್ಟೇ ಅಲ್ಲದೆ ಹಣ್ಣನ್ನೂ ಕೊಡುತ್ತದೆಂಬದನ್ನು ನಾವು ಬಹುಮಟ್ಟಿಗೆ ಮರೆತಿದ್ದೇವೆ. ಗಿಡವು ವಿಪುಲವಾಗಿ ಬೆಳೆದಿರುವ ನಾಡಿನಲ್ಲಿಯೇ ಅದರ ಹಣ್ಣಿಗೆ ಊಟದಲ್ಲಿಯೂ ಸಂತೆಯಲ್ಲಿಯೂ ಸ್ಥಾನ ಅತ್ಯಲ್ಪವಾಗಿದೆ. ಇದು ವಿಚಾರಾರ್ಹವಾದ ವಿಷಯ.

ಇತಿಹಾಸದ ಅಭ್ಯಾಸಿಗಳಾದ ನಾವು ಹಣ್ಣೊಂದರ ಪೌಷ್ಟಿಕತೆಯನ್ನು ಕುರಿತು ಬರೆಯುವದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಲ್ಲಿ ಎರಡು ಪ್ರಶ್ನೆಗಳಿವೆ. ಈ ಹಣ್ಣಿನಲ್ಲಿ ಏನಿದೆ ಎಂಬದು ಮೊದಲನೆಯದು. ಅದಕ್ಕೆ ಆಹಾರಶಾಸ್ತ್ರಜ್ಞರು ಉತ್ತರ ಕೊಟ್ಟಿದ್ದಾರೆ. ಇದ್ದುದು ನಮಗೆ ಏಕೆ ದಕ್ಕಲಿಲ್ಲ ಎಂಬದು ಎರಡನೆಯದು. ಅದಕ್ಕೆ ಉತ್ತರವು ಇತಿಹಾಸದಲ್ಲಿಯೇ ಸಿಗಬೇಕು. ಆಹಾರವೊಂದರ ಮೌಲ್ಯವು ಕೋಷ್ಟಕದ ಅಂಕೆಗಳಲ್ಲಿ ಮುಗಿಯುವದಿಲ್ಲ, ಅದು ತಿನ್ನುವವನ ಬಾಯಿಗೆ ಮುಟ್ಟಿದಾಗಲೇ ಮೌಲ್ಯವಾಗುತ್ತದೆ ಎಂಬ ದೃಷ್ಟಿಯಿಂದ ನಾವು ಎರಡೂ ಪ್ರಶ್ನೆಗಳನ್ನು ಜೊತೆಯಾಗಿ ಪರಿಶೀಲಿಸಲಿದ್ದೇವೆ.

೧. ಹೆಸರು ಮತ್ತು ಕುಲ

ನಮ್ಮಲ್ಲಿ ಈ ಗಿಡಕ್ಕೆ ಹಿಪ್ಪುನೇರಳೆ, ಉಪ್ಪುನೇರಳೆ, ಕಂಬಳಿಗಿಡ ಎಂಬ ಹೆಸರುಗಳಿವೆ. ರೇಷ್ಮೆ ಬೆಳೆಯುವ ಜಿಲ್ಲೆಗಳಲ್ಲಿ ಎಲೆಗೆ ರೇಷ್ಮೆಸೊಪ್ಪು, ನೆಡುವ ತುಂಡಿಗೆ ರೇಷ್ಮೆಕಡ್ಡಿ ಎನ್ನುತ್ತಾರೆ. ಗಿಡದ ಅಂಗಗಳಿಗೆಲ್ಲ ಹುಳುವಿನ ನೂಲೇ ಹೆಸರಾಗಿ ನಿಂತಿರುವದು ಗಮನಾರ್ಹ. ಉತ್ತರ ಭಾರತದಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ಹಣ್ಣಿನ ಹೆಸರೇ ಪ್ರಧಾನವಾಗಿದೆ. ಪಾರಸೀ ಭಾಷೆಯ ತೂತ, ಶಹತೂತ ಎಂಬ ಶಬ್ದಗಳು ಅಲ್ಲಿ ಮನೆಮಾತಾಗಿವೆ. ಹೆಸರಿನ ಈ ಭೇದದಲ್ಲಿ ಎರಡು ಪ್ರದೇಶಗಳ ಅನುಭವಭೇದವೂ ಅಡಗಿದೆ.

ಹೆಸರಿನಲ್ಲಿ ನೇರಳೆಯಿದ್ದರೂ ನಮ್ಮ ನೇರಳೆ ಹಣ್ಣಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಸಾಮ್ಯವು ಬಣ್ಣದಲ್ಲಿ ಮಾತ್ರ. ಹಿಪ್ಪುನೇರಳೆಯು ಹಲಸು, ಅತ್ತಿ, ಆಲ, ಅರಳಿಗಳ ಕುಲಕ್ಕೆ ಸೇರಿದ್ದು. ಒಂದೇ ಹಣ್ಣೆಂದು ನಾವು ಕಾಣುವದು ವಾಸ್ತವವಾಗಿ ಅನೇಕ ಸಣ್ಣ ಹೂವುಗಳು ಒತ್ತೊತ್ತಾಗಿ ಕೂಡಿ ಮಾಗಿದ ಗೊಂಚಲು. ಒಂದೊಂದು ಹೂವಿನ ಎಸಳುಗಳು ರಸ ತುಂಬಿ ಉಬ್ಬಿ ಒಂದೊಂದು ಗುಳ್ಳೆಯಾಗುತ್ತವೆ. ಹಲಸಿನ ಹಣ್ಣಿನ ರಚನೆಯೂ ಇಂಥದೇ. ಹಲಸಿಗೆ ದಪ್ಪವಾದ ಮುಳ್ಳುಸಿಪ್ಪೆಯಿದೆ. ಇದಕ್ಕೆ ಸಿಪ್ಪೆಯೆಂಬದೇ ಇಲ್ಲ. ಈ ಒಂದು ವ್ಯತ್ಯಾಸವು ಮುಂದಿನ ವಿವೇಚನೆಗೆ ಬಹಳ ಮುಖ್ಯವಾದುದೆಂಬದನ್ನು ಓದುಗರು ಜ್ಞಾಪಕದಲ್ಲಿಡಬೇಕು.

೨. ಹಣ್ಣಿನಲ್ಲಿರುವ ದ್ರವ್ಯಗಳು

ಅಮೇರಿಕೆಯ ಕೃಷಿ ಇಲಾಖೆಯ ಆಹಾರಕೋಷ್ಟಕದಂತೆ ೧೦೦ ಗ್ರಾಂ ತಾಜಾ ಹಣ್ಣಿನಲ್ಲಿರುವ ಮುಖ್ಯ ದ್ರವ್ಯಗಳು ಹೀಗಿವೆ:

ನೀರು — ಸುಮಾರು ೮೮ ಗ್ರಾಂ
ಶಕ್ತಿ — ೪೩ ಕ್ಯಾಲರಿ
ಸಕ್ಕರೆಯ ಅಂಶ — ೮ ಗ್ರಾಂ
ನಾರು — ೧.೭ ಗ್ರಾಂ
ಸಸಾರಜನಕ — ೧.೪ ಗ್ರಾಂ
ಕೊಬ್ಬು — ೦.೪ ಗ್ರಾಂ
ಜೀವಸತ್ವ 'ಸಿ' — ೩೬ ಮಿಲಿಗ್ರಾಂ
ಕಬ್ಬಿಣ — ೧.೮೫ ಮಿಲಿಗ್ರಾಂ
ಕ್ಯಾಲ್ಸಿಯಂ — ೩೯ ಮಿಲಿಗ್ರಾಂ
ಪೊಟ್ಯಾಸಿಯಂ — ೧೯೪ ಮಿಲಿಗ್ರಾಂ

ತಳಿ, ಮಣ್ಣು, ಹವೆ ಮತ್ತು ಹಣ್ಣು ಮಾಗಿದ ಪ್ರಮಾಣಗಳಿಗನುಸಾರವಾಗಿ ಈ ಅಂಕೆಗಳಲ್ಲಿ ಹೆಚ್ಚುಕಡಿಮೆಯಾಗುವದು ಸಹಜ. ಆದರೂ ಹಣ್ಣಿನ ಸ್ವಭಾವವನ್ನರಿಯಲು ಇವು ಸಾಕು.

ಅಂಕೆಗಳು ತಾವಾಗಿ ಮಾತನಾಡುವದಿಲ್ಲ. ನಮಗೆ ಪರಿಚಿತವಾದ ಹಣ್ಣುಗಳ ಪಕ್ಕದಲ್ಲಿಟ್ಟು ನೋಡಬೇಕು. ಧಾರವಾಡವು ಪೇರಲಕ್ಕೂ ಆಪೂಸ ಮಾವಿಗೂ ಪ್ರಸಿದ್ಧವಾದ ಊರು. ಜೀವಸತ್ವ 'ಸಿ'ಯ ವಿಷಯದಲ್ಲಿ ಪೇರಲದೊಡನೆ ಸ್ಪರ್ಧಿಸುವ ಹಣ್ಣುಗಳು ವಿರಳ; ೧೦೦ ಗ್ರಾಂ ಪೇರಲದಲ್ಲಿ ಅದು ೨೨೦ ಮಿಲಿಗ್ರಾಂಗೂ ಹೆಚ್ಚಾಗಿರುತ್ತದೆ. ಕಿತ್ತಳೆಯಲ್ಲಿ ಸುಮಾರು ೫೩, ಬಾಳೆಯಲ್ಲಿ ಸುಮಾರು ೯. ಹಿಪ್ಪುನೇರಳೆಯ ೩೬ ಮಿಲಿಗ್ರಾಂ ಕಿತ್ತಳೆಗಿಂತ ಕಡಿಮೆ, ಬಾಳೆಯ ನಾಲ್ಕುಪಟ್ಟು. ಆದುದರಿಂದ ಈ ಹಣ್ಣನ್ನು ಜೀವಸತ್ವದ ಭಂಡಾರವೆಂದು ಹೊಗಳುವದು ಅತಿಶಯೋಕ್ತಿ; ನಿರ್ಲಕ್ಷಿಸುವದು ಅನ್ಯಾಯ.

ಕಬ್ಬಿಣದ ವಿಷಯದಲ್ಲಿ ಸ್ಥಿತಿ ಬೇರೆಯಾಗಿದೆ. ಪೇರಲ, ಬಾಳೆ, ಮಾವುಗಳಲ್ಲಿ ೧೦೦ ಗ್ರಾಂಗೆ ಕಬ್ಬಿಣವು ಒಂದು ಮಿಲಿಗ್ರಾಂನ ಕಾಲುಭಾಗದ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಹಿಪ್ಪುನೇರಳೆಯಲ್ಲಿ ಅದು ಎರಡು ಮಿಲಿಗ್ರಾಂಗೆ ಸಮೀಪವಾಗಿದೆ. ತಾಜಾ ಹಣ್ಣುಗಳ ವರ್ಗದಲ್ಲಿ ಇದು ಎದ್ದುಕಾಣುವ ವಿಶೇಷ. ಆದರೆ ಇಲ್ಲಿಯೂ ಅಳತೆ ತಪ್ಪಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ೨೦೨೦ರಲ್ಲಿ ಪ್ರಕಟಿಸಿದ ಪ್ರಮಾಣದಂತೆ ವಯಸ್ಕ ಸ್ತ್ರೀಗೆ ದಿನಕ್ಕೆ ೨೯ ಮಿಲಿಗ್ರಾಂ ಕಬ್ಬಿಣವೂ ೬೫ ಮಿಲಿಗ್ರಾಂ ಜೀವಸತ್ವ 'ಸಿ'ಯೂ ಬೇಕು. ೧೦೦ ಗ್ರಾಂ ಹಿಪ್ಪುನೇರಳೆಯಿಂದ ಜೀವಸತ್ವದ ಅವಶ್ಯಕತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪೂರೈಸುತ್ತದೆ. ಕಬ್ಬಿಣದಲ್ಲಿ ಹದಿನಾರನೆಯ ಒಂದು ಭಾಗದಷ್ಟೇ. ಈ ಹಣ್ಣನ್ನು ತಿಂದ ಮಾತ್ರದಿಂದಲೇ ರಕ್ತಹೀನತೆ ಹೋಗುವದೆಂದು ಹೇಳಲು ಆಧಾರವಿಲ್ಲ.

ಹಾಗಾದರೆ ಇದರ ನಿಜವಾದ ಉಪಯೋಗವೆಲ್ಲಿ? ನಮ್ಮ ಭಾಗದ ಊಟವನ್ನು ವಿಚಾರಿಸಿದರೆ ಉತ್ತರ ದೊರಕುತ್ತದೆ. ಜೋಳದ ರೊಟ್ಟಿಯೇ ಇಲ್ಲಿಯ ಜನರ ಮುಖ್ಯ ಆಹಾರ. ಜೋಳದಲ್ಲಿ ೧೦೦ ಗ್ರಾಂಗೆ ಸುಮಾರು ೪ ಮಿಲಿಗ್ರಾಂ ಕಬ್ಬಿಣವಿದೆ. ಆದರೆ ಧಾನ್ಯದಲ್ಲಿರುವ ಫೈಟೇಟ್ ಎಂಬ ದ್ರವ್ಯವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವದರಿಂದ ದೇಹಕ್ಕೆ ಅದರ ಅಲ್ಪಾಂಶ ಮಾತ್ರ ಸೇರುತ್ತದೆ. ಅದೇ ಊಟದೊಡನೆ ಜೀವಸತ್ವ 'ಸಿ' ಇರುವ ಪದಾರ್ಥವನ್ನು ಸೇವಿಸಿದರೆ ಆ ಕಬ್ಬಿಣವು ದೇಹಕ್ಕೆ ಹೆಚ್ಚಾಗಿ ದಕ್ಕುವದೆಂಬದು ಆಹಾರಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ಹೀಗೆ ಒಂದು ಹಿಡಿ ತಾಜಾ ಹಿಪ್ಪುನೇರಳೆಯ ಬೆಲೆಯು ಅದು ತಾನು ತಂದ ಕಬ್ಬಿಣದಲ್ಲಿರುವದಕ್ಕಿಂತಲೂ, ರೊಟ್ಟಿ ಪಲ್ಯಗಳಲ್ಲಿದ್ದು ವ್ಯರ್ಥವಾಗುವ ಕಬ್ಬಿಣವನ್ನು ಬಿಡಿಸಿಕೊಡುವದರಲ್ಲಿದೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆಯೆಂದು ತೋರಿಸಿದೆ. ಈ ಹಿನ್ನೆಲೆಯಲ್ಲಿ ಇಂಥ ಸಣ್ಣ ಸಹಾಯವೂ ಉಪೇಕ್ಷಣೀಯವಲ್ಲ.

ಹಣ್ಣಿನ ಕಡುನೇರಳೆ ಬಣ್ಣಕ್ಕೆ ಕಾರಣವಾದ ಆಂಥೊಸಯನಿನ್ ಎಂಬ ವರ್ಣದ್ರವ್ಯಗಳನ್ನು ಕುರಿತು ಈಚಿನ ದಶಕಗಳಲ್ಲಿ ವಿಪುಲವಾದ ಸಂಶೋಧನೆ ನಡೆದಿದೆ. ದೇಹದ ಕಣಗಳಿಗೆ ಹಾನಿಮಾಡುವ ಉತ್ಕರ್ಷಣವನ್ನು ಇವು ತಡೆಯುವದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಆದರೆ ಪ್ರಯೋಗನಳಿಗೆಯಲ್ಲಿ ಸಿದ್ಧವಾದುದು ಮನುಷ್ಯದೇಹದಲ್ಲಿಯೂ ಅಷ್ಟೇ ಸಿದ್ಧವೆಂದು ತಿಳಿಯಬಾರದು. ಅದರಂತೆ ಹಿಪ್ಪುನೇರಳೆಯು ಮಧುಮೇಹಕ್ಕೆ ಮದ್ದೆಂಬ ಮಾತೂ ಪ್ರಚಾರದಲ್ಲಿದೆ. ಸಕ್ಕರೆಯು ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುವ ದ್ರವ್ಯವೊಂದು ಈ ಗಿಡದಲ್ಲಿರುವದು ನಿಜ. ಆದರೆ ಅದಕ್ಕಾಗಿ ಪ್ರಧಾನವಾಗಿ ಪರೀಕ್ಷೆಗೊಳಗಾದುದು ಎಲೆ, ಹಣ್ಣಲ್ಲ. ಹಣ್ಣಿನಲ್ಲಿ ಸಕ್ಕರೆಯೇ ೮ ಗ್ರಾಂ ಇದೆ. ಎಲೆಯ ಗುಣವನ್ನು ಹಣ್ಣಿಗೆ ಆರೋಪಿಸುವದು ಯುಕ್ತವಲ್ಲ.

ನಮ್ಮ ಪ್ರಾಚೀನ ವೈದ್ಯರಿಗೂ ಈ ಹಣ್ಣು ಅಪರಿಚಿತವಾಗಿರಲಿಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಇದನ್ನು ಹಣ್ಣುಗಳ ವರ್ಗದಲ್ಲಿ ಎಣಿಸಿ, ಮಾಗಿದುದು ಮಧುರವೂ ಶೀತಲವೂ ಪಿತ್ತ ವಾತಗಳನ್ನು ಶಮನಮಾಡುವಂಥದೂ ಆಗಿದೆಯೆಂದೂ, ಮಾಗದಿರುವದು ಹುಳಿಯೂ ಉಷ್ಣವೂ ಆಗಿ ದೋಷಕಾರಿಯೆಂದೂ ವಿವರಿಸಿದ್ದಾನೆ. ಅವನ ಪರಿಭಾಷೆ ಬೇರೆ, ಇಂದಿನ ಪರಿಭಾಷೆ ಬೇರೆ. ಆದರೂ ಬಲಿಯದ ಕಾಯಿಯಲ್ಲಿರುವ ಹಾಲಿನಂಥ ರಸವು ಹೊಟ್ಟೆಯನ್ನು ಕೆಡಿಸುವದೆಂದು ಇಂದಿನವರೂ ಹೇಳುತ್ತಾರೆ. ಪೂರ್ಣ ಮಾಗಿದುದನ್ನೇ ತಿನ್ನಬೇಕೆಂಬ ವಿಧಿಯಲ್ಲಿ ಇಬ್ಬರೂ ಏಕಮತದವರು.

೩. ಎಲೆಯ ಇತಿಹಾಸ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಮೈಸೂರು ಸೀಮೆಯಲ್ಲಿ ರೇಷ್ಮೆಯ ಕೃಷಿಗೆ ರಾಜಾಶ್ರಯ ದೊರೆತದ್ದು ಟೀಪೂ ಸುಲ್ತಾನನ ಕಾಲದಲ್ಲಿ. ಕರ್ಕ್‌ಪ್ಯಾಟ್ರಿಕ್ ಎಂಬವನು ೧೮೧೧ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಟೀಪೂವಿನ ಪತ್ರಗಳ ಸಂಗ್ರಹದಲ್ಲಿ ಈ ಉದ್ಯಮದ ಉಲ್ಲೇಖಗಳಿವೆ. ಮಸ್ಕತಿನಿಂದ ಹುಳುಗಳನ್ನೂ ಅವುಗಳನ್ನು ಸಾಕಬಲ್ಲ ಜನರನ್ನೂ ತರಿಸಲು ಅವನು ಯತ್ನಿಸಿದನು. ಬಂಗಾಲಕ್ಕೂ ಜನರನ್ನು ಕಳುಹಿದನು. ೧೭೮೬ರ ಪತ್ರವೊಂದರಲ್ಲಿ ಬಂಗಾಲದಿಂದ ಹುಳುಗಳನ್ನು ತರುತ್ತಿರುವವರ ಆಗಮನದ ಸೂಚನೆಯಿದೆ. ಇಲ್ಲಿ ರಾಜನ ದೃಷ್ಟಿಯು ನೂಲಿನ ಮೇಲೆ, ನೂಲಿಗಾಗಿ ಹುಳುವಿನ ಮೇಲೆ, ಹುಳುವಿಗಾಗಿ ಎಲೆಯ ಮೇಲೆ ನೆಟ್ಟಿತ್ತು. ಹಣ್ಣು ಈ ಸರಣಿಯಲ್ಲಿ ಎಲ್ಲಿಯೂ ಬರುವದಿಲ್ಲ.

ಮುಂದಿನ ಕಾಲದಲ್ಲಿ ಈ ದೃಷ್ಟಿ ಬದಲಾಗಲಿಲ್ಲ, ಬದಲಾಗಿ ಶಾಸ್ತ್ರೀಯವಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಮಶೇಟಜಿ ಟಾಟಾ ಅವರು ಜಪಾನೀ ಪದ್ಧತಿಯ ರೇಷ್ಮೆ ತೋಟವನ್ನು ಬೆಂಗಳೂರಿನಲ್ಲಿ ಸ್ಥಾಪಿಸಿದರು. ೧೯೪೯ರಲ್ಲಿ ಕೇಂದ್ರ ರೇಷ್ಮೆ ಮಂಡಳಿಯೂ ೧೯೬೧ರಲ್ಲಿ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೂ ಸ್ಥಾಪಿತವಾದವು. ಚನ್ನಪಟ್ಟಣದ ಸಮೀಪದ ಕಣ್ವದ ತೋಟದಲ್ಲಿ ಆರಿಸಿದ ಕಣ್ವ-೨ ಎಂಬ ತಳಿ, ೧೯೯೦ರ ದಶಕದಲ್ಲಿ ಮೈಸೂರಿನಿಂದ ಹೊರಬಂದ ವಿ-೧ ಎಂಬ ತಳಿ, ಇವೆಲ್ಲ ಎಲೆಯ ಇಳುವರಿಗಾಗಿ ಆಯ್ದವುಗಳು. ನೀರು ಗೊಬ್ಬರಗಳ ಅನುಕೂಲವಿದ್ದಲ್ಲಿ ವಿ-೧ ತಳಿಯು ಹೆಕ್ಟೇರಿಗೆ ವರ್ಷಕ್ಕೆ ೬೦ ಟನ್ನಿನಷ್ಟು ಎಲೆ ಕೊಡಬಲ್ಲದು.

ಈ ಆಯ್ಕೆಯು ಅವಿವೇಕದ್ದೇನೂ ಅಲ್ಲ. ರೇಷ್ಮೆಯ ಎಳೆಯು ಶುದ್ಧ ಸಸಾರಜನಕ. ಹಿಪ್ಪುನೇರಳೆಯ ಒಣ ಎಲೆಯ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಸಸಾರಜನಕವಿದೆ. ಹುಳುವು ಎಲೆಯ ಸಸಾರಜನಕವನ್ನು ಎಳೆಯಾಗಿ ಮಾರ್ಪಡಿಸುತ್ತದೆ. ರೈತನಿಗೆ ಹಣ ಬರುವದು ಅದರಿಂದಲೇ. ಹಣ್ಣಿಗೆ ಹೋದ ಸತ್ವವು ಅವನ ಲೆಕ್ಕದಲ್ಲಿ ಎಲೆಗೆ ತಪ್ಪಿದ ಸತ್ವ. ಆದುದರಿಂದಲೇ ನೀರಾವರಿಯ ತೋಟಗಳಲ್ಲಿ ಗಿಡವನ್ನು ಪೊದೆಯಾಗಿ ಬೆಳೆಸಿ, ವರ್ಷಕ್ಕೆ ಐದಾರು ಬೆಳೆ ತೆಗೆಯುವಂತೆ ಮತ್ತೆ ಮತ್ತೆ ಕತ್ತರಿಸುತ್ತಾರೆ. ಹೊಸ ಚಿಗುರಿನೊಡನೆ ಕಾಯಿಗಳು ಮೂಡಿದರೂ ಅನೇಕ ಉದುರುತ್ತವೆ, ಅನೇಕ ಸೊಪ್ಪಿನೊಡನೆ ಬುಟ್ಟಿಗೆ ಹೋಗುತ್ತವೆ. ಮಾಗಿ ಉಳಿದವು ತೋಟದಲ್ಲಿ ದುಡಿಯುವವರ ಮಕ್ಕಳ ಪಾಲು.

ಧಾರವಾಡ ಹುಬ್ಬಳ್ಳಿಗಳ ಸ್ಥಿತಿ ಇನ್ನೂ ಭಿನ್ನವಾದುದು. ೧೯೫೬ರ ಏಕೀಕರಣದವರೆಗೆ ಈ ಪ್ರದೇಶವು ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಮೈಸೂರಿನ ರೇಷ್ಮೆ ಕೃಷಿಯ ವಿಸ್ತಾರಕ್ಕೆ ಹೊರಗಾಗಿತ್ತು. ಇಲ್ಲಿಯ ಎರೆಭೂಮಿಯು ಹತ್ತಿಯದೂ ಜೋಳದ್ದೂ ಆಗಿತ್ತು. ಇಳಕಲ್ಲಿನ ಸೀರೆಯ ಸೆರಗಿಗೆ, ಗುಳೇದಗುಡ್ಡದ ಖಣಕ್ಕೆ ರೇಷ್ಮೆ ಬೇಕಾಗಿತ್ತು, ನಿಜ. ಆದರೆ ಈ ನಾಡಿಗೆ ರೇಷ್ಮೆ ಹೆಚ್ಚಾಗಿ ನೂಲಾಗಿ ಬಂದಿತೇ ಹೊರತು ಗಿಡವಾಗಿ ಬರಲಿಲ್ಲ. ೧೯೮೦ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಆರಂಭವಾದ ಕರ್ನಾಟಕ ರೇಷ್ಮೆ ಯೋಜನೆಯ ಕಾಲದಿಂದ ಹಿಪ್ಪುನೇರಳೆಯ ತೋಟಗಳು ಹೊಸ ಜಿಲ್ಲೆಗಳಿಗೆ ಹಬ್ಬತೊಡಗಿದವು. ಆಗಲೂ ಬಂದುದು ಎಲೆಯ ಬೆಳೆಯೇ. ದಕ್ಷಿಣದಲ್ಲಿ ಹಣ್ಣು ಕಣ್ಣೆದುರಿಗಿದ್ದೂ ಕಡೆಗಣಿಸಲ್ಪಟ್ಟಿತು. ನಮ್ಮಲ್ಲಿ ಅದು ಬಹುಕಾಲ ಕಣ್ಣಿಗೇ ಬೀಳಲಿಲ್ಲ.

೪. ಅನ್ಯದೇಶಗಳ ಎರಡು ನಿದರ್ಶನಗಳು

ಇದು ಗಿಡದ ಸ್ವಭಾವದಿಂದ ಅನಿವಾರ್ಯವಾಗಿ ಒದಗಿದುದಲ್ಲ, ಮನುಷ್ಯರ ಆಯ್ಕೆಯಿಂದ ಒದಗಿದುದು ಎಂಬದಕ್ಕೆ ಎರಡು ನಿದರ್ಶನಗಳು ಸಾಕು. ಇಂಗ್ಲಂಡದ ಅರಸನಾದ ಒಂದನೆಯ ಜೇಮ್ಸನು ೧೬೦೯ರಲ್ಲಿ ರೇಷ್ಮೆಯ ಉದ್ಯಮವನ್ನು ತನ್ನ ದೇಶದಲ್ಲಿ ನೆಲೆಗೊಳಿಸಬೇಕೆಂದು ಸಹಸ್ರಾರು ಹಿಪ್ಪುನೇರಳೆ ಸಸಿಗಳನ್ನು ತರಿಸಿ ಹಂಚಿದನು. ಉದ್ಯಮವು ಬೇರೂರಲಿಲ್ಲ. ಆದರೆ ಕಪ್ಪು ಜಾತಿಯ ಮರಗಳು ಹಳೆಯ ತೋಟಗಳಲ್ಲಿ ಉಳಿದು ಹಣ್ಣು ಕೊಡುತ್ತ ಬಂದವು. ಅಲ್ಲಿ ನೂಲು ಹೋಗಿ ಹಣ್ಣು ಉಳಿಯಿತು. ನಮ್ಮಲ್ಲಿ ನೂಲು ಉಳಿದು ಹಣ್ಣು ಹೋಯಿತು.

ಎರಡನೆಯದು ಅಫಗಾನಿಸ್ತಾನದ್ದು. ಅಲ್ಲಿಯ ಬೆಟ್ಟದ ಜನರು ಹಿಪ್ಪುನೇರಳೆಯ ಮರಗಳನ್ನು ಎತ್ತರಕ್ಕೆ ಬೆಳೆಯಲು ಬಿಟ್ಟು, ಉದುರಿದ ಹಣ್ಣನ್ನು ಬಿಸಿಲಿನಲ್ಲಿ ಒಣಗಿಸಿ, ಹಿಟ್ಟುಮಾಡಿ, ಅಕ್ರೋಡದೊಡನೆ ಕುಟ್ಟಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ತಲ್ಖಾನ್ ಎಂದು ಹೆಸರು. ಧಾನ್ಯ ಸಾಲದ ಕಾಲದಲ್ಲಿ ಅದೇ ಅವರ ಆಧಾರ. ಆ ಬೇಸಗೆಯ ಒಣಹವೆಯು ಅವರಿಗೆ ಸಹಾಯಕವಾಗಿದೆಯೆಂಬದನ್ನೂ ಮರೆಯಬಾರದು.

೫. ತಾಜಾತನದ ಪ್ರಶ್ನೆ

ಮೇಲೆ ಹೇಳಿದ ಸಿಪ್ಪೆಯಿಲ್ಲದ ರಚನೆಯ ಮಹತ್ವವು ಇಲ್ಲಿ ಸ್ಪಷ್ಟವಾಗುತ್ತದೆ. ನೂರರಲ್ಲಿ ಎಂಬತ್ತೆಂಟು ಪಾಲು ನೀರು, ಅದನ್ನು ಕಾಯಲು ಸಿಪ್ಪೆಯಿಲ್ಲ. ಕಿತ್ತ ಹಣ್ಣು ಬೇಸಗೆಯ ಹವೆಯಲ್ಲಿ ಒಂದು ದಿನದೊಳಗೆ ಮೆತ್ತಗಾಗಿ ರಸ ಬಿಟ್ಟು ಹುಳಿಯುತ್ತದೆ. ಶೀತಪೆಟ್ಟಿಗೆಯಲ್ಲಿಯೂ ಕೆಲವೇ ದಿನಗಳು ಬಾಳುತ್ತದೆ. ಬುಟ್ಟಿಯಲ್ಲಿ ತುಂಬಿ ದೂರದ ಸಂತೆಗೆ ಒಯ್ದರೆ ಅಡಿಯಲ್ಲಿಯ ಹಣ್ಣುಗಳು ಮೇಲಿನ ಭಾರಕ್ಕೇ ಜಜ್ಜಿಹೋಗುತ್ತವೆ. ಪೇರಲದಂತೆ ಇದನ್ನು ಬಂಡಿಯಲ್ಲಿ ಒಟ್ಟಿ ಮಾರಲಾಗುವದಿಲ್ಲ. ಎಲೆಗೆ ಗೂಡಿನ ಮಾರುಕಟ್ಟೆಯಿತ್ತು. ಹಣ್ಣಿಗೆ ಮಾರುಕಟ್ಟೆಯೇ ಅಸಾಧ್ಯವಾಗಿತ್ತು. ಎಲೆಯು ಗೆದ್ದುದಕ್ಕೆ ಇದೂ ಒಂದು ಪ್ರಬಲ ಕಾರಣ.

ಒಣಗಿಸಿದರೇನು ಎಂಬ ಪ್ರಶ್ನೆ ಸಹಜ. ಲೆಕ್ಕಹಾಕಿದರೆ ಸುಮಾರು ಏಳು ಕಿಲೋ ತಾಜಾ ಹಣ್ಣಿನಿಂದ ಒಂದು ಕಿಲೋ ಒಣಹಣ್ಣು ದೊರಕುವದು. ಅದರಲ್ಲಿ ಸಕ್ಕರೆಯೂ ಕಬ್ಬಿಣವೂ ಸಾಂದ್ರವಾಗಿ ನಿಲ್ಲುತ್ತವೆ. ಆದರೆ ಬಿಸಿಲು ಗಾಳಿಗಳಿಗೆ ಜೀವಸತ್ವ 'ಸಿ'ಯ ಬಹುಭಾಗ ನಷ್ಟವಾಗುತ್ತದೆ. ಸಕ್ಕರೆ ಹಾಕಿ ಕುದಿಸಿದ ಪಾಕದ ಗತಿಯೂ ಇದೇ. ನಮ್ಮ ರೊಟ್ಟಿಯ ಊಟಕ್ಕೆ ಈ ಹಣ್ಣಿನಿಂದ ಬೇಕಾದುದು ಮುಖ್ಯವಾಗಿ ಆ ಜೀವಸತ್ವವೇ ಆಗಿರುವದರಿಂದ, ತಾಜಾ ಹಣ್ಣಿಗೆ ಒಣಹಣ್ಣು ಪ್ರತಿನಿಧಿಯಾಗಲಾರದು. ಗಿಡವು ಮನೆಯ ಹತ್ತಿರವಿದ್ದವನಿಗೆ ಮಾತ್ರ ಇದರ ಪೂರ್ಣ ಮೌಲ್ಯವು ಸಲ್ಲುತ್ತದೆ.

೬. ಉಪಸಂಹಾರ

ಹೀಗಿರಲು ಮಾಡತಕ್ಕದ್ದೇನು? ಎಲೆಯ ಬೆಳೆಯನ್ನು ಬಿಟ್ಟು ಹಣ್ಣಿನ ಬೆಳೆಯನ್ನು ಹಿಡಿಯಿರೆಂದು ರೈತರಿಗೆ ಹೇಳುವದು ನಮ್ಮ ಉದ್ದೇಶವಲ್ಲ. ರೇಷ್ಮೆಯು ಸಹಸ್ರಾರು ಕುಟುಂಬಗಳ ಜೀವನಾಧಾರವಾಗಿದೆ. ಆದರೆ ತೋಟದ ಬದುವಿನಲ್ಲಿ ನಾಲ್ಕಾರು ಗಿಡಗಳನ್ನು ಕತ್ತರಿಸದೆ ಮರವಾಗಲು ಬಿಟ್ಟರೆ ಎಲೆಯ ಲೆಕ್ಕಕ್ಕೆ ಹೇಳಿಕೊಳ್ಳುವಂಥ ನಷ್ಟವಾಗಲಾರದು. ಹುಳು ಸಾಕುವ ಮನೆಗಳಲ್ಲಿ ಸೊಪ್ಪು ಬಿಡಿಸುವ, ಹುಳುಗಳಿಗೆ ಮೇವು ಹಾಕುವ ದುಡಿಮೆಯ ದೊಡ್ಡ ಪಾಲು ಸ್ತ್ರೀಯರದು. ಆ ಸ್ತ್ರೀಯರಿಗೂ ಅವರ ಮಕ್ಕಳಿಗೂ ಈ ಹಣ್ಣಿನ ಮೇಲೆ ಮೊದಲ ಹಕ್ಕಿದೆ.

ಹುಬ್ಬಳ್ಳಿ ಧಾರವಾಡಗಳಂಥ ಊರುಗಳಲ್ಲಿ ಹಿತ್ತಿಲು, ಶಾಲೆಯ ಅಂಗಳ, ಅಂಗನವಾಡಿಯ ಆವರಣಗಳೇ ಈ ಗಿಡಕ್ಕೆ ತಕ್ಕ ಸ್ಥಳಗಳು. ಕಡ್ಡಿ ನೆಟ್ಟರೆ ಚಿಗುರುವ ಗಿಡವಿದು. ಸಸಿಗೆ ಹಣ ಬೇಕಾಗಿಲ್ಲ. ಹಣ್ಣು ಬಿಡುವ ಮರವನ್ನು ಗುರುತಿಸಿ ಅದರ ಕಡ್ಡಿಯನ್ನೇ ಆರಿಸಬೇಕು. ಏಕೆಂದರೆ ಗಂಡು ಹೂವನ್ನು ಮಾತ್ರ ಬಿಡುವ ಗಿಡಗಳೂ ಉಂಟು. ಹಣ್ಣನ್ನು ಕಿತ್ತ ದಿನವೇ, ತೊಳೆದು, ಪೂರ್ಣ ಮಾಗಿದುದನ್ನೇ, ಸಾಧ್ಯವಾದರೆ ಊಟದೊಡನೆ ತಿನ್ನಬೇಕು. ರೇಷ್ಮೆಯ ತೋಟದಲ್ಲಿ ಔಷಧ ಸಿಂಪಡಿಸಿದ ಬಳಿಕ ಹುಳುವಿಗೆ ಎಲೆ ಹಾಕಲು ಇಂತಿಷ್ಟು ದಿನ ಕಾಯಬೇಕೆಂಬ ನಿಯಮವನ್ನು ರೈತರು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಇಲ್ಲವಾದರೆ ಹುಳುಗಳು ಸಾಯುತ್ತವೆ. ಹುಳುವಿಗಾಗಿ ತೋರುವ ಈ ಎಚ್ಚರಿಕೆಯನ್ನು ಮಕ್ಕಳು ತಿನ್ನುವ ಹಣ್ಣಿಗೂ ತೋರತಕ್ಕದ್ದು.

ಈವರೆಗಿನ ವಿವೇಚನೆಯಿಂದ ಸಿದ್ಧವಾಗುವ ಅಂಶವಿಷ್ಟು: ಹಿಪ್ಪುನೇರಳೆಯ ತಾಜಾ ಹಣ್ಣು ಪವಾಡದ ಔಷಧವಲ್ಲ, ಕಬ್ಬಿಣ ಮತ್ತು ಜೀವಸತ್ವ 'ಸಿ'ಗಳು ಒಂದೇ ಕಡೆಗೆ ಹಿತವಾದ ಪ್ರಮಾಣದಲ್ಲಿ ಸೇರಿದ, ನಮ್ಮ ಜೋಳದ ಊಟಕ್ಕೆ ಒಪ್ಪುವ ಒಳ್ಳೆಯ ಹಣ್ಣು. ಅದು ನಮ್ಮ ಬಾಯಿಗೆ ಬಾರದೆ ಹೋದದ್ದು ಅದರ ಗುಣದೋಷಗಳಿಂದಷ್ಟೇ ಅಲ್ಲ. ಎರಡು ಶತಮಾನಗಳಿಗೂ ಮಿಕ್ಕಿ ನಾವು ಆ ಗಿಡದಿಂದ ಬೇಡಿದುದು ಒಂದೇ ವಸ್ತುವನ್ನಾದುದರಿಂದ. ಗಿಡವು ಎರಡನ್ನೂ ಕೊಡಬಲ್ಲದು. ಬೆಳೆಗಳ ಇತಿಹಾಸವನ್ನು ಬರೆಯುವವರು ಅರಸರೂ ಉದ್ಯಮಿಗಳೂ ಪಡೆದುದರೊಡನೆ, ಹೊಲದಲ್ಲಿ ದುಡಿದವರ ತಟ್ಟೆಗೆ ಬಂದುದೆಷ್ಟು, ಬಾರದೆ ಹೋದುದೆಷ್ಟು ಎಂಬದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನಮಗೆ ತೋರುತ್ತದೆ.